ಪೇಟೆಂಟ್ ಅರ್ಜಿಯ ನಾಲ್ಕನೆಯ ಪ್ಯಾರಾ

ಹೊಗಳಿಕೆಯನ್ನು ಕೈಯೊಡ್ಡಿ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಕಡೆಯವರಿಗಿಲ್ಲ. ‘ರೊಟ್ಟಿ ಅಗದಿ ಹಾಳಿ ಹಂಗ ತೆಳ್ಳಗ ಆಗ್ಯಾವು ನೋಡ್ರಿ’ ಎಂದು ಬೀಗರು ಹೇಳಿದರೆ ‘ಜ್ವಾಳ ಚಲೋ ಇದ್ದೂರಿ’ ಎನ್ನಬೇಕು. ‘ಮಗಳು ಶಾಣ್ಯಾಕಿ ಅದಾಳ’ ಎಂದರೆ ‘ಮಾಸ್ತರು ಚಲೋ ಅದಾರ್ರಿ’ ಎನ್ನಬೇಕು. ಸೀರೆ ಚೆನ್ನಾಗಿದೆ ಎಂದವರಿಗೆ ಅದು ತವರಿನವರು ಕೊಟ್ಟದ್ದೆಂದೂ, ಹಳೆಯದೆಂದೂ, ಒಂದು ಕಡೆ ಬಣ್ಣ ಹೋಗಿದೆಯೆಂದೂ ಹೇಳಿ, ಬಣ್ಣ ಹೋದ ಜಾಗವನ್ನು ಬಿಡಿಸಿ ತೋರಿಸಿದರೇ ಸಮಾಧಾನ. ನಾನಂತೂ ಈ ವಿದ್ಯೆಯಲ್ಲಿ ಎರಡು ಕಡೆ ತಾಲೀಮು ಪಡೆದವಳು. ಮನೆಯಲ್ಲಿ ಅವ್ವ ಕಲಿಸಿದಳು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಸಿಸ್ಟರ್ ಅದಕ್ಕೆ ಇಸ್ತ್ರಿ ಹಾಕಿದರು. ಪತ್ರ ಕೃತಜ್ಞತೆಯಿಂದ ಶುರುವಾಗಬೇಕು, ಕೃತಜ್ಞತೆಯಿಂದ ಮುಗಿಯಬೇಕು, ನಡುವೆ ‘ನಾನು’ ಎಂಬುದು ಎಷ್ಟು ಕಡಿಮೆಯಿದ್ದರೆ ಅಷ್ಟು ಹೆಚ್ಚು ಅಂಕ. ಇದು ಅವರ ನಿಯಮ. ಶಾಲೆ ಬಿಟ್ಟು ಇಪ್ಪತ್ತು ವರ್ಷ ದಾಟಿದರೂ ನಾನು ಅದನ್ನು ಬಿಟ್ಟಿಲ್ಲ. ಗ್ಯಾಸ್ ಸಿಲಿಂಡರ್ ತಡವಾಯಿತೆಂದು ದೂರು ಬರೆಯುವಾಗಲೂ ಮೊದಲ ಎರಡು ಸಾಲು ಅವರ ಸೇವೆಗೆ ವಂದನೆ. ಸಿಲಿಂಡರ್ ಮಾತ್ರ ತಡವಾಗಿಯೇ ಬರುತ್ತದೆ. ಇಷ್ಟು ಒಳ್ಳೆಯ ಗುಣದಿಂದ ಮನೆಗೆ ಕೇಡಾಗುವುದುಂಟೇ ಎಂದುಕೊಂಡಿದ್ದೆ. ಪೇಟೆಂಟ್ ಕಚೇರಿಯ ಪರೀಕ್ಷಾ ವರದಿ ಬರುವವರೆಗೆ.

ನಮ್ಮದು ಕಲಘಟಗಿ ತಾಲೂಕಿನ ದೇವಿಕೊಪ್ಪ. ನಮ್ಮ ಮನೆಯವರು ಹುಬ್ಬಳ್ಳಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾರೆ. ಬೇರೆಯವರು ಕಂಡುಹಿಡಿದದ್ದನ್ನು ಹಲಗೆಯ ಮೇಲೆ ಬರೆದು ಬರೆದು ಅಳಿಸುವ ಕೆಲಸ ಎಂದು ತಾವೇ ಹೇಳಿಕೊಳ್ಳುತ್ತಾರೆ. ತಾನೂ ಒಂದು ಸಣ್ಣದನ್ನು ಕಂಡುಹಿಡಿದು, ಅದನ್ನು ಯಾರಾದರೂ ಹಲಗೆಯ ಮೇಲೆ ಬರೆದು ಅಳಿಸಲಿ ಎಂಬ ಆಸೆ ಅವರಿಗೆ ಬಹಳ ವರ್ಷದ್ದು. ಆ ಸಣ್ಣದು ಊರಿನಾಚೆಯೇ ಸಿಕ್ಕಿತು. ಅಡವಿಯ ಅಂಚಿನ ಭತ್ತದ ಗದ್ದೆಗಳಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಒಂದು ಗದ್ದೆಗೆ ಆನೆ ಬಂದರೆ ಇನ್ನೊಂದು ಗದ್ದೆಯವರಿಗೆ ತಿಳಿಸಲು ಕೆರೆಯ ಏರಿಯವರೆಗೆ ಓಡಿ ಫೋನು ಮಾಡಬೇಕು. ಆನೆ ಅಷ್ಟು ಹೊತ್ತು ಕಾಯುವ ಪ್ರಾಣಿಯಲ್ಲ. ಅದಕ್ಕೆ ಇವರು ಉಪ್ಪಿನಕಾಯಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಮಾಡಿ ಗದ್ದೆಗೊಂದರಂತೆ ಕಂಬಕ್ಕೆ ಕಟ್ಟಿದರು. ಬೇಲಿಯ ತಂತಿ ಸರಿಯಿದೆಯೇ ಎಂದು ನೋಡಿ ಆಗಾಗ ಏರಿಯ ಮೇಲಿನ ದೊಡ್ಡ ಪೆಟ್ಟಿಗೆಗೆ ವರದಿ ಕಳಿಸುವುದು ಅವುಗಳ ದಿನದ ಕೆಲಸ. ಆಪತ್ತು ಬಂದರೆ ಮಾತ್ರ ಯಾವ ಟವರಿನ ಹಂಗೂ ಇಲ್ಲದೆ ಒಂದು ಪೆಟ್ಟಿಗೆ ಪಕ್ಕದ ಪೆಟ್ಟಿಗೆಗೆ ನೇರ ಹೇಳಬೇಕು.

ಈ ನೇರ ಮಾತಿನ ಮರ್ಮ ನನಗೆ ತಿಳಿದದ್ದು ಅತ್ತೆಯವರಿಂದ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯ ರಜಿಯಾಳಿಗೆ ಒಂದು ಮಾತು ತಲುಪಬೇಕೆಂದರೆ ಅದು ಹೊರಗೆ ಕಟ್ಟೆಯ ಮೇಲೆ ಕುಳಿತ ಅತ್ತೆಯವರ ಮೂಲಕವೇ ಹೋಗಬೇಕಿತ್ತು. ‘ಹೆಪ್ಪಿಗೆ ಒಂದೀಟು ಮೊಸರ ಐತೇನು ಕೇಳ್ರಿ’ ಎಂದು ನಾನು ಒಳಗಿನಿಂದ ಹೇಳಿದರೆ, ಅತ್ತೆ ಅದಕ್ಕೆ ‘ನಿನ್ನಿ ಹಾಲು ಒಡಿಸ್ಕೊಂಡು ಕುಂತಾಳ’ ಎಂಬ ತಮ್ಮ ಟಿಪ್ಪಣಿ ಸೇರಿಸಿ ದಾಟಿಸುತ್ತಿದ್ದರು. ನಮ್ಮ ಫೋನುಗಳೂ ಹಾಗೆಯೇ ಅಂತೆ. ಬಾಜೂ ಬಾಜೂ ಕುಳಿತವರು ಮಾತಾಡಿದರೂ ಮಾತು ಟವರಿಗೆ ಹೋಗಿಯೇ ಬರಬೇಕು. ನಾನೂ ರಜಿಯಾಳೂ ಟವರು ತಪ್ಪಿಸುವ ದಾರಿ ಕಂಡುಕೊಂಡೆವು. ಎರಡು ಅಡುಗೆಮನೆಗಳ ನಡುವೆ ಇರುವುದು ಒಂದೇ ಗೋಡೆ. ಲಟ್ಟಣಿಗೆಯಿಂದ ಮೂರು ಸಲ ತಟ್ಟಿದರೆ ಹಿತ್ತಲಿಗೆ ಬಾ ಎಂದು. ಮೊದಮೊದಲು ನಾನು ನೆನಪಾದಾಗಲೆಲ್ಲ ತಟ್ಟುತ್ತಿದ್ದೆ. ಅವಳು ಒಂದು ದಿನ ಎರಡೂ ಕೈ ಹಿಟ್ಟು ಮಾಡಿಕೊಂಡೇ ಬಂದು, ‘ಅಕ್ಕಾರ, ನೀವು ಬಡದಾಗೊಮ್ಮೆ ಕೈ ತೊಳಕೊಂಡು ಬಂದ್ರ ನಮ್ಮನಿ ಮಂದಿ ರೊಟ್ಟಿ ತಿನ್ನೂದು ಯಾವಾಗರಿ?’ ಎಂದಳು. ಅಂದಿನಿಂದ ಅವಳ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುವವರೆಗೂ ಕಾಯುತ್ತೇನೆ. ನಿಂತ ಕೂಡಲೇ ತಟ್ಟಿದರೆ ಒಂದೇ ಸಲಕ್ಕೆ ಬರುತ್ತಾಳೆ.

ನಮ್ಮ ಮನೆಯವರ ಪೆಟ್ಟಿಗೆಗಳಿಗೆ ಇದ್ದ ಕಾಯಿಲೆಯೂ ಇದೇ. ಪಕ್ಕದವರು ಎಚ್ಚರಿದ್ದಾರೋ ಇಲ್ಲವೋ ತಿಳಿಯದೆ ‘ಇದ್ದೀಯಾ, ಇದ್ದೀಯಾ’ ಎಂದು ಕೂಗಿ ಕೂಗಿ ವಾರದೊಳಗೆ ಬ್ಯಾಟರಿ ಮುಗಿಸಿಕೊಳ್ಳುತ್ತಿದ್ದವು. ಒಂದು ದಿನ ಅವರು ಊಟಕ್ಕೆ ಕುಳಿತಿದ್ದರು. ನಾನು ಲಟ್ಟಣಿಗೆ ಎತ್ತಿ ಹಿಡಿದು ಗೋಡೆಯ ಮುಂದೆ ಸುಮ್ಮನೆ ನಿಂತಿದ್ದೆ. ‘ಯಾಕ ಹಂಗ ನಿಂತಿ, ಗೋಡಿ ಮ್ಯಾಲೆ ಸಿಟ್ಟೇನು?’ ಎಂದರು. ‘ರಜಿಯಾನ ರೊಟ್ಟಿ ಮುಗೀಲಿ ಅಂತ ನಿಂತೇನ್ರಿ. ಆಕಿ ಸಪ್ಪಳ ನಿಂತ್ ಮ್ಯಾಲೆ ಬಡದ್ರ ಒಂದಽ ಬಡತಕ್ಕ ಬರ್ತಾಳ’ ಎಂದೆ. ಅವರ ಕೈ ತಾಟಿನಲ್ಲೇ ನಿಂತಿತು. ಎದ್ದು ಹೋಗಿ ನೋಟ್‌ಬುಕ್ಕಿನಲ್ಲಿ ಏನೋ ಗೀಚಿದರು. ಆ ಪುಟದ ಮೇಲೆ ಬದನೆಕಾಯಿ ಎಣಗಾಯಿಯ ಎಣ್ಣೆ ಇವತ್ತಿಗೂ ಇದೆ. ಆಮೇಲೆ ಎರಡು ವರ್ಷ ದುಡಿದು ಪೆಟ್ಟಿಗೆಗೆ ಕಾಯುವುದನ್ನು ಕಲಿಸಿದರು. ಪಕ್ಕದ ಪೆಟ್ಟಿಗೆ ತನ್ನ ವರದಿ ಕಳಿಸುವ ಹೊತ್ತನ್ನು ಇದು ದಿನವೂ ಕೇಳಿ ಗುರುತಿಟ್ಟುಕೊಳ್ಳುತ್ತದೆ. ವರದಿ ಮುಗಿದು ಅದು ಇನ್ನೂ ಎಚ್ಚರವಿರುವಾಗಲೇ ತನ್ನ ಮಾತು ಹೇಳಿ ಮುಗಿಸುತ್ತದೆ. ವಾರದ ಬ್ಯಾಟರಿ ಈಗ ಒಂದು ಸುಗ್ಗಿ ದಾಟುತ್ತದೆ.

ಪೇಟೆಂಟಿಗೆ ಅರ್ಜಿ ಹಾಕುವಾಗ ಇಂಗ್ಲಿಷ್ ನನ್ನ ಪಾಲಿಗೆ ಬಂತು. ಲೆಕ್ಕ, ನಕ್ಷೆ ಎಲ್ಲ ಅವರವು. ‘ಈ ವಿಚಾರ ಹೆಂಗ ಬಂತು ಅಂತ ಹಿನ್ನೆಲೆ ನಾಕ್ ಪ್ಯಾರಾ ಚಂದಾಗಿ ಬರಿ, ನಿನ್ನ ಇಂಗ್ಲಿಷ್ ಮುಂದ ನಂದು ನಡ್ಯಾಂಗಿಲ್ಲ’ ಎಂದರು. ಹೊಗಳಿದರಲ್ಲ, ‘ಸಿಸ್ಟರ್ ಚಲೋ ಇದ್ದರ್ರಿ’ ಎಂದು ಬರೆಯಲು ಕುಳಿತೆ. ಮೂರು ಪ್ಯಾರಾ ಸರಿಯಾಗಿ ಬಂದವು. ನಾಲ್ಕನೆಯದನ್ನು ಕೃತಜ್ಞತೆಯಿಂದ ಮುಗಿಸದೆ ಹೇಗೆ ಬಿಡಲಿ? ಇದರಲ್ಲಿ ಹೊಸದೇನೂ ಇಲ್ಲವೆಂದೂ, ನಮ್ಮೂರ ಹೆಣ್ಣುಮಕ್ಕಳು ಅಡುಗೆಮನೆಯ ಗೋಡೆಯ ಮೂಲಕ ಎಷ್ಟೋ ಕಾಲದಿಂದ ಮಾಡಿಕೊಂಡು ಬಂದದ್ದನ್ನೇ ಅರ್ಜಿದಾರರು ಒಂದು ಡಬ್ಬಿಯಲ್ಲಿ ಹಾಕಿದ್ದಾರೆಂದೂ, ಹಿರಿಯರಿಗೆ ಅವರು ಚಿರಋಣಿಯೆಂದೂ ಬರೆದೆ. ಬರೆದು ನಾನೇ ಓದಿಕೊಂಡಾಗ ಕಣ್ಣು ತುಂಬಿ ಬಂದವು. ಅವರು ಕಾಲೇಜಿನ ಪರೀಕ್ಷೆಗಳ ಗದ್ದಲದಲ್ಲಿ ನನ್ನ ಇಂಗ್ಲಿಷನ್ನು ನಂಬಿ ಹಾಗೆಯೇ ಕಳಿಸಿದರು.

ವರದಿ ಬಂದಾಗ ಓದಿದವಳೂ ನಾನೇ. ಪರೀಕ್ಷೆ ಮಾಡಿದವರು ಯಾರೋ ಕಾಣೆ; ಅವರ ಮೇಲೆ ಮೊದಲ ಪುಟದಲ್ಲೇ ನನಗೆ ಗೌರವ ಹುಟ್ಟಿತು. ನಾನು ಮೊರದಲ್ಲಿ ಅಕ್ಕಿ ಹರವಿ ಹರಳು ಆರಿಸುವಾಗ ಒಂದೊಂದನ್ನೂ ಬೆರಳಿನಿಂದ ಸರಿಸಿ ನೋಡುತ್ತೇನಲ್ಲ, ಹಾಗೆ ಪ್ರತಿ ಸಾಲನ್ನೂ ಸರಿಸಿ ನೋಡಿದ್ದರು. ನಾನು ಎರಡು ಕಡೆ ಬಿಟ್ಟಿದ್ದ ಅಲ್ಪವಿರಾಮವನ್ನೂ ಬಿಟ್ಟಿರಲಿಲ್ಲ. ‘ಇದು ನನ್ನದು’ ಎಂದು ಹಕ್ಕು ಹೇಳುವ ಸಾಲುಗಳಿಗೆ ಅಲ್ಲಿ ಕ್ಲೇಮು ಎನ್ನುತ್ತಾರೆ. ನಮ್ಮ ಹತ್ತೂ ಕ್ಲೇಮುಗಳಿಗೆ ಆಕ್ಷೇಪಣೆ. ಸಾಧನಗಳು ನೇರ ಮಾತಾಡುವುದು ಹೊಸದಲ್ಲ ಎನ್ನಲು ಹೊರದೇಶದ ಮೂರು ಹಳೆಯ ಪೇಟೆಂಟುಗಳನ್ನು ತೋರಿಸಿದ್ದರು. ಅವಕ್ಕೆ ಉತ್ತರ ಇತ್ತು. ಅವೆಲ್ಲ ಕೂಗುವ ಪೆಟ್ಟಿಗೆಗಳು, ಕಾಯುವವಲ್ಲ. ಆದರೆ ಕಾಯುವುದರ ವಿಷಯಕ್ಕೆ ಬಂದಾಗ ಅವರು ತೋರಿಸಿದ ಸಾಕ್ಷಿ ಹೊರದೇಶದ್ದಲ್ಲ. ನಮ್ಮದೇ ಅರ್ಜಿಯ ನಾಲ್ಕನೆಯ ಪ್ಯಾರಾ. ಇದರಲ್ಲಿ ಹೊಸದೇನೂ ಇಲ್ಲವೆಂದು ಅರ್ಜಿದಾರರೇ ಒಪ್ಪಿಕೊಂಡಿದ್ದಾರೆ ಎಂದು ಬರೆದು, ನನ್ನ ಸಾಲುಗಳನ್ನು ಒಂದಕ್ಷರ ಬದಲಿಸದೆ ಕೆಳಗೆ ಕೊಟ್ಟಿದ್ದರು. ನನ್ನ ಬರಹವನ್ನು ಯಾರೋ ಉದ್ಧರಿಸಿದ್ದು ಅದೇ ಮೊದಲು.

ನಾನು ಜೋರಾಗಿ ಓದುತ್ತಿದ್ದವಳು ಅಲ್ಲಿಗೆ ಬಂದಾಗ ಧ್ವನಿ ಇಳಿಸಿದೆ. ನಮ್ಮ ಮನೆಯವರು ಚಹಾದ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತ ಕುಳಿತರು. ಕೆನೆ ಕಟ್ಟಿದ ಚಹಾ ಅವರಿಗೆ ಸೇರುವುದಿಲ್ಲ, ಅದನ್ನೂ ಕುಡಿದರು. ‘ನಿಂದೇನ್ ತಪ್ಪಿಲ್ಲ ಗಿರಿಜಾ, ನಾನಽ ಓದಿ ಕಳಿಸಬೇಕಿತ್ತು’ ಎಂದರು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬೈದದ್ದು ಅತ್ತೆಯವರು. ‘ಎರಡ ವರ್ಷ ಅಂವ ಉಣ್ಣೂದು ಬಿಟ್ಟು ಕುಂತಾನ. ನೀ ಒಂದಽ ಗೀಟಿನಾಗ ಊರ ಮಂದೀಗೆಲ್ಲಾ ಹಂಚಿಬಿಟ್ಟೆಲ್ಲಾ ಬೇ. ನಿಂದು ನೀ ಹಂಚು, ಯಾರ್ ಬ್ಯಾಡಂತಾರ.’ ಅತ್ತೆಯವರ ಮಾತು ಚುಚ್ಚುವುದು ಹೊಸದಲ್ಲ. ಸರಿಯಾದ ಜಾಗಕ್ಕೆ ಚುಚ್ಚಿದ್ದು ಹೊಸದು. ನನ್ನ ಸೀರೆಯ ಬಣ್ಣ ಹೋಗಿದೆ ಎಂದು ನಾನು ಹೇಳಿಕೊಂಡರೆ ವಿನಯ. ಅವರ ಹೊಸ ಅಂಗಿಯನ್ನು ಎತ್ತಿ ಹಿಡಿದು ಇದು ಹಳೆಯದು ಎಂದು ಸಾರಿದರೆ ಅದಕ್ಕೆ ಏನೆನ್ನಬೇಕೋ, ಸಿಸ್ಟರ್ ಹೇಳಿಕೊಟ್ಟಿರಲಿಲ್ಲ.

ಉತ್ತರಕ್ಕೆ ಆರು ತಿಂಗಳ ಗಡುವು. ತಪ್ಪಿದರೆ ಅರ್ಜಿ ಕೈಬಿಟ್ಟಂತೆ. ನಾವಿಬ್ಬರೂ ಕುಳಿತು ಉತ್ತರ ಬರೆದೆವು. ಮೊದಲ ಕರಡನ್ನು ನಾನು ‘ತಾವು ದಯವಿಟ್ಟು ನಮ್ಮ ತಪ್ಪುಗಳನ್ನು ತೋರಿಸಿಕೊಟ್ಟಿದ್ದಕ್ಕೆ’ ಎಂದು ಶುರು ಮಾಡಿದ್ದೆ. ಅವರು ಪೆನ್ನನ್ನೇ ಕಿತ್ತುಕೊಂಡರು. ಉತ್ತರ ಹೋಯಿತು. ಕೆಲವು ತಿಂಗಳಾದ ಮೇಲೆ, ನಾಲ್ಕನೆಯ ಪ್ಯಾರಾದ ಬಗ್ಗೆ ಇನ್ನೂ ಸಮಾಧಾನವಾಗಿಲ್ಲ, ವಿಡಿಯೊದಲ್ಲಿ ವಿಚಾರಣೆಗೆ ಹಾಜರಾಗಿ ಎಂದು ಕರೆ ಬಂತು. ಟವರಿಲ್ಲದೆ ಮಾತಾಡುವ ಪೆಟ್ಟಿಗೆಯ ಭವಿಷ್ಯ ಟವರಿನ ಕೈಯಲ್ಲಿ. ನಮ್ಮ ಮನೆಯಲ್ಲಿ ಸಿಗ್ನಲ್ ಎರಡು ಗೆರೆ ತೋರಿಸುವುದು ಮಾಳಿಗೆಯ ನೀರಿನ ಟಾಕಿಯ ಪಕ್ಕ ಮಾತ್ರ. ಅಲ್ಲಿ ಕುರ್ಚಿ ಹಾಕಿ, ಮೆಣಸಿನಕಾಯಿ ಒಣಹಾಕಿದ್ದನ್ನು ಸರಿಸಿ, ಲ್ಯಾಪ್‌ಟಾಪಿಗೆ ಬಿಸಿಲು ಬೀಳದಂತೆ ಕೊಡೆ ಕಟ್ಟಿದೆ. ಅವರ ಸ್ವಭಾವ ನನಗೆ ಗೊತ್ತು. ಕಾಲೇಜಿನಲ್ಲಿ ಸನ್ಮಾನ ಮಾಡಿದರೆ ಶಾಲನ್ನು ಪ್ರಿನ್ಸಿಪಾಲರಿಗೇ ಹೊದಿಸಿ ಬರುವವರು. ಅದಕ್ಕೆ ಒಪ್ಪಂದ ಮಾಡಿಕೊಂಡೆವು. ನಾನು ಟಾಕಿಯ ಹಿಂದೆ ನಿಂತಿರುವುದು. ಅವರ ಬಾಯಲ್ಲಿ ‘ನಂದೇನಿಲ್ಲ’ ಬರುವ ಸೂಚನೆ ಕಂಡರೆ ಕೆಮ್ಮುವುದು.

ತೆರೆಯ ಮೇಲೆ ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು. ಮೆಲುದನಿ, ಮೂಗಿನ ತುದಿಗೆ ಕನ್ನಡಕ, ಮುಂದೆ ಬಣ್ಣದ ಚೀಟಿ ಅಂಟಿಸಿದ ನಮ್ಮ ಕಾಗದಗಳು. ಅರ್ಜಿಯನ್ನು ನಮಗಿಂತ ಹೆಚ್ಚು ಸಲ ಓದಿದ್ದರು. ‘ನಾಲ್ಕನೆಯ ಪ್ಯಾರಾದಲ್ಲಿ ನೀವೇ ಹೀಗೆ ಬರೆದಿದ್ದೀರಿ. ಹಾಗಾದರೆ ನೀವು ಮಾಡಿದ್ದೇನು?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮ ಮನೆಯವರು ಗಂಟಲು ಸರಿ ಮಾಡಿಕೊಂಡು ‘ಮೇಡಂ, ನಿಜ ಹೇಳಬೇಕೆಂದರೆ’ ಎಂದು ಶುರು ಮಾಡಿದರು. ನಿಜ ಹೇಳುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ತಿಳಿದು ನಾನು ಕೆಮ್ಮಿದೆ. ಒಣಮೆಣಸಿನಕಾಯಿಯ ಘಾಟು ಸೇರಿ ಕೆಮ್ಮು ಬೇಕಾದ್ದಕ್ಕಿಂತ ಉದ್ದವಾಯಿತು. ಅವರು ತಿರುಗಿ ನೋಡಿ ಮಾತು ನಿಲ್ಲಿಸಿದರು. ಆ ಮೌನದಲ್ಲಿ ಕೆಳಗಿನಿಂದ ರಜಿಯಾಳ ರೊಟ್ಟಿಯ ಸಪ್ಪಳ ತಪ್ ತಪ್ ಎಂದು ಕೇಳತೊಡಗಿತು. ‘ಅದೇನು ಸದ್ದು?’ ಎಂದರು ಅಧಿಕಾರಿ. ‘ನಾಲ್ಕನೆಯ ಪ್ಯಾರಾ, ಮೇಡಂ’ ಎಂದರು ಇವರು.

ಆಮೇಲೆ ಇವರಿಗೆ ಕೆಮ್ಮಿನ ಅಗತ್ಯ ಬೀಳಲಿಲ್ಲ. ಸಪ್ಪಳ ಕೇಳಿಸಿಯೇ ವಿವರಿಸಿದರು. ‘ನನ್ನ ಹೆಂಡತಿ ಆ ಗೋಡೆಯಾಚೆಯ ಸದ್ದನ್ನು ಹದಿನೈದು ವರ್ಷ ಕೇಳಿದ್ದಾಳೆ. ನನ್ನ ಪೆಟ್ಟಿಗೆ ನಾಲ್ಕೇ ದಿನದಲ್ಲಿ ಕಲಿಯಬೇಕು. ಸುತ್ತ ಹತ್ತು ಪೆಟ್ಟಿಗೆಗಳು ಒಟ್ಟಿಗೆ ಸದ್ದು ಮಾಡುವಾಗ ತನ್ನ ಪಕ್ಕದ್ದು ಯಾವುದೆಂದು ಗುರುತಿಸಬೇಕು. ಕೇಳುವುದಕ್ಕೂ ಬ್ಯಾಟರಿ ಖರ್ಚಾಗುತ್ತದೆ. ಯಾವಾಗ ಕೇಳಬೇಕು, ಯಾವಾಗ ಮಲಗಬೇಕು ಎಂದು ಲೆಕ್ಕ ಹಾಕಬೇಕು. ಆ ಲೆಕ್ಕ ನನ್ನದು’ ಎಂದರು. ಮದುವೆಯಾದ ಮೇಲೆ ಅವರ ಬಾಯಿಂದ ಆ ಶಬ್ದ ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ರೊಟ್ಟಿಯ ಸಪ್ಪಳ ನಿಂತಿತು. ನಿಂತ ಮರುಕ್ಷಣವೇ ನಮ್ಮ ಅಡುಗೆಮನೆಯಿಂದ ಗೋಡೆಗೆ ಮೂರು ಏಟು ಬಿದ್ದವು. ಹಿಂದೆಯೇ ಅತ್ತೆಯವರ ದನಿ: ‘ರಜಿಯಾ, ಒಂದ್ ಹಿಡಿ ಕೊತಂಬ್ರಿ ತಾ ಬೇ. ಇವ್ರಿಬ್ರೂ ಮಾಳಿಗಿ ಹತ್ತಿ ಕುಂತಾರ, ಅಡಗಿ ನನ್ನ ಕೊಳ್ಳಿಗೆ ಬಂದೈತಿ.’ ಅಧಿಕಾರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಾಗ ಮುಖ ಕೆಳಗಿತ್ತು, ಭುಜ ಮಾತ್ರ ಸ್ವಲ್ಪ ಅಲುಗಿತು. ನೇರ ಮಾತು ಎಂದು ಜಗತ್ತಿನಷ್ಟು ಅಗಲ ಹಕ್ಕು ಕೇಳುವುದನ್ನು ಬಿಡಿ, ಈ ಕಾಯುವ ಲೆಕ್ಕವೊಂದನ್ನೇ ಹಿಡಿದು ಕ್ಲೇಮು ತಿದ್ದಿ ಕಳಿಸಿ, ಪರಿಶೀಲಿಸುತ್ತೇನೆ ಎಂದರು. ಹತ್ತು ಕ್ಲೇಮು ಮೂರಾದವು. ತಿದ್ದಿದ ಮೇಲೆ ನೋಡಿದರೆ ಆ ಮೂರೇ ನಿಜವಾಗಿ ನಮ್ಮವು. ಉಳಿದ ಏಳು ಹರಳು. ಆರಿಸಿ ಕೊಟ್ಟವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಮನಸ್ಸಿನಲ್ಲೇ, ಬರವಣಿಗೆಯಲ್ಲಲ್ಲ.

ಆ ದಿನಗಳಲ್ಲಿ ಅವರು ಒಂದೆರಡು ಕಾಗದಕ್ಕೆ ನನ್ನ ಸಹಿಯನ್ನೂ ಹಾಕಿಸಿಕೊಂಡಿದ್ದರು. ಕಾಗದದ ಮೂಲೆಗೆ ನನ್ನ ಹೆಬ್ಬೆರಳಿನ ಅರಿಸಿನ ಹತ್ತಿದ್ದು ಚೆನ್ನಾಗಿ ನೆನಪಿದೆ. ಮೇಲೆ ಏನು ಬರೆದಿತ್ತೆಂದು ಓದಲಿಲ್ಲ. ಈಚೆಗೆ ಪೇಟೆಂಟ್ ಪ್ರಮಾಣಪತ್ರ ಬಂತು. ಅತ್ತೆಯವರು ದೇವರ ಮುಂದಿಟ್ಟು ವಿಭೂತಿ ಹಚ್ಚಿದ ಮೇಲೆ ನನ್ನ ಕೈಗೆ ಸಿಕ್ಕಿತು. ಜೊತೆಗಿದ್ದ ಕಾಗದಗಳಲ್ಲಿ ಆವಿಷ್ಕಾರ ಮಾಡಿದವರು ಎಂಬಲ್ಲಿ ಎರಡು ಹೆಸರಿದ್ದವು. ಎರಡನೆಯದು ನನ್ನದು. ಯಾವುದೋ ತಪ್ಪು ಕಂಡಂತೆ ಓಡಿ ಹೋಗಿ ತೋರಿಸಿದೆ. ‘ರೊಟ್ಟಿ ಮುಗೀಲಿ ಅಂದಾಕಿ ಯಾರು?’ ಎಂದರು, ಪೇಪರಿನಿಂದ ತಲೆ ಎತ್ತದೆ. ನಾನು ಬಾಯಿ ತೆರೆಯುವಷ್ಟರಲ್ಲಿ ‘ಈಗೇನರ ನಂದೇನೈತ್ರಿ ಅಂದಿ ಅಂದ್ರ, ಮತ್ತ ಆರ್ ತಿಂಗಳ ಉತ್ತರಾ ಬರಿಯೂದು ಬರ್ತೈತಿ ನೋಡು’ ಎಂದರು.

ಹಿತ್ತಲಿಗೆ ಹೋದೆ. ಕಣ್ಣು ಒರೆಸಿಕೊಳ್ಳಲು ಅದೇ ಅನುಕೂಲದ ಜಾಗ. ರಜಿಯಾಳ ಸಪ್ಪಳ ನಿಂತಿತ್ತು, ತಟ್ಟದೆಯೇ ಬಂದಳು. ಸುದ್ದಿ ಕಟ್ಟೆಯ ಮೇಲಿನ ಟವರಿನ ಮೂಲಕ ಆಗಲೇ ಮುಟ್ಟಿತ್ತು. ‘ಅಕ್ಕಾರ, ಅದರಾಗ ನಿಮ್ಮ ಹೆಸರು ಬಂದೈತಂತಲ್ಲರಿ. ಖರೇನಽ ಅದು ನಿಮ್ದೇನ್ರಿ?’ ಎಂದಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಗೋಡೆಯ ಮೇಲೆ ಕೈ ಊರಿ, ‘ಹೌದು, ನಂದು’ ಎಂದೆ. ನನ್ನ ಕಿವಿಗೇ ಅಪರಿಚಿತವಾದ ದನಿ. ಅವಳು ಕಣ್ಣರಳಿಸಿ ನೋಡುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ. ‘ಅಂದ್ರ, ಹಂಗೇನ್ ಭಾಳ ಇಲ್ಲವ್ವಾ, ನೀ ರೊಟ್ಟಿ ಬಡಿಯೂದಕ್ಕ...’ ಎನ್ನುತ್ತಿದ್ದೆ.

ಒಳಗಿನಿಂದ ನಮ್ಮ ಮನೆಯವರು ಕೆಮ್ಮಿದರು.