ದೊಡ್ಡಪ್ಪನ ಇಯರ್‌ಫೋನು, ದೊಡ್ಡಮ್ಮನ ಜಪಸರ

ನಮ್ಮ ದೊಡ್ಡಪ್ಪ ನಂಬಿಕೆ ಬಿಟ್ಟು ಎಂಟು ತಿಂಗಳಾಯಿತು. ಅಂದಿನಿಂದ ಚರ್ಚಿನ ಒಂದೇ ಒಂದು ಭಾನುವಾರದ ಪೂಜೆಯನ್ನೂ ತಪ್ಪಿಸಿಲ್ಲ! ನಂಬಿಕೆ ಇದ್ದ ಕಾಲದಲ್ಲಿ ಮಳೆ, ಮಂಡಿನೋವು, ಕ್ರಿಕೆಟ್ ಎಂದು ಮನೆಯಲ್ಲೇ ಉಳಿಯುತ್ತಿದ್ದ ಮನುಷ್ಯ ಇವರೇ.

ಇದಕ್ಕೆಲ್ಲ ಕಾರಣ ಒಂದು ಪಾಡ್‌ಕಾಸ್ಟ್. ಪಾದ್ರಿಯಾಗಲು ಹೋಗಿ ಅರ್ಧದಲ್ಲಿ ಬಿಟ್ಟುಬಂದ ಯಾರೋ ಒಬ್ಬ ಅದರಲ್ಲಿ ವಾರವಾರವೂ ಧರ್ಮಸಭೆಗೆ ಪ್ರಶ್ನೆ ಹಾಕುತ್ತಾನೆ. ಜೀವಮಾನವಿಡೀ ಗಣಿತ ಕಲಿಸಿ ನಿವೃತ್ತರಾದವರ ಕಿವಿಗೆ ‘ಇದಕ್ಕೆ ಪುರಾವೆ ಎಲ್ಲಿ?’ ಎಂಬ ಮಾತು ಬಿದ್ದರೆ ಕೇಳಬೇಕೇ?

“ಮತ್ತೆ ಚರ್ಚಿಗೆ ಯಾಕೆ ಹೋಗ್ತೀರಿ?” ಎಂದು ಕೇಳಿದೆ.

“ಭಕ್ತಿಗಲ್ಲ ಮಾರಾಯ, ಇನ್‌ಸ್ಪೆಕ್ಷನ್‌ಗೆ!”

ಜೇಬಿನಲ್ಲಿ ಕೆಂಪು ಪೆನ್ನು. ಪ್ರವಚನ ಮುಗಿದ ಕೂಡಲೇ ಹಾಡಿನ ಹಾಳೆಯ ಹಿಂದೆ ಅಂಕ ಹಾಕುತ್ತಾರೆ. ಕಳೆದ ಸಲ ಇಣುಕಿ ನೋಡಿದೆ. ‘ಹತ್ತಕ್ಕೆ ನಾಲ್ಕು. ಉತ್ತರ ಸರಿ, ಸ್ಟೆಪ್ಸ್ ತೋರಿಸಿಲ್ಲ!’

ಒಂದು ಶನಿವಾರ, ಮಾಡಿದ ಪಾಪಗಳನ್ನು ಫಾದರ್ ಮುಂದೆ ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋದರು. ಮೊಣಕಾಲೂರಿ ಹೇಳಿದ್ದೇನು ಗೊತ್ತೇ? “ಫಾದರ್, ಇವತ್ತು ನನ್ನದು ಎಂತ ಇಲ್ಲ. ನಿಮ್ಮ ಸಭೆಯದ್ದು ಹನ್ನೊಂದು ಉಂಟು.” ಹನ್ನೊಂದನ್ನೂ ಬಿಡಿಸಿ ಹೇಳಿ ಹೊರಬರುವಾಗ ಮುಕ್ಕಾಲು ಗಂಟೆ! ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸರು ತಮ್ಮ ಪಾಪಗಳನ್ನೇ ಮರೆತು ಇವರದ್ದನ್ನು ಲೆಕ್ಕ ಹಾಕುತ್ತಿದ್ದರು. ವಾಮಂಜೂರಿನಲ್ಲಿ ದೊಡ್ಡಮ್ಮ ಮೀನು ತರಲು ಹೋದರೂ, “ಮನೆಯಲ್ಲಿ ಎಲ್ಲ ಸರಿ ಉಂಟಲ್ಲ ಬಾಯೀ?” ಎಂಬ ವಿಚಾರಣೆ.

ಇಲ್ಲಿಯವರೆಗೆ ನಾನೂ ನಗುತ್ತಿದ್ದೆ. ಆದರೆ ಸಂಜೆಯ ಜಪಸರದ ವಿಷಯದಲ್ಲಿ ಮಾತ್ರ ನನಗೆ ನಿಜಕ್ಕೂ ಸಿಟ್ಟು ಬಂತು. ‘ನಮೋ ಮರಿಯಾ’ ಪ್ರಾರ್ಥನೆಯ ಮೊದಲರ್ಧ ಒಬ್ಬರು ಹೇಳಬೇಕು, ಉಳಿದರ್ಧ ಮನೆಯವರು. ಹೀಗೆ ಮಣಿ ಎಣಿಸುತ್ತ ಐವತ್ತು ಸಲ. ಆ ಮನೆಯಲ್ಲಿರುವುದೇ ಇಬ್ಬರು. ನಲವತ್ತು ವರ್ಷ ಉತ್ತರ ಕೊಟ್ಟವರು ಈಗ, “ನಂಬದೆ ಹೇಳಿದ್ರೆ ಸುಳ್ಳು ಹೇಳಿದ ಹಾಗೆ” ಎಂದು ಏಳು ಗಂಟೆಗೆ ಸರಿಯಾಗಿ ಇಯರ್‌ಫೋನು ಸಿಕ್ಕಿಸಿಕೊಳ್ಳುತ್ತಿದ್ದರು. ಪಾಪ, ದೊಡ್ಡಮ್ಮ ತಾನೇ ಕರೆದು ತಾನೇ ಓಗೊಡುತ್ತಿದ್ದಳು.

ಮೊನ್ನೆ ಅವಳಿಗೆ ನ್ಯುಮೋನಿಯಾ ಆಗಿ, ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಏಳಕ್ಕೆ ಮೇಣದಬತ್ತಿ ಹಚ್ಚಿ ಶುರುಮಾಡಿದಳು. ಮೊದಲರ್ಧ ಮುಗಿಯುವಷ್ಟರಲ್ಲಿ ಉಸಿರು ಕಟ್ಟಿ ಕೆಮ್ಮು. ಮಣಿ ಬೆರಳಿನಲ್ಲೇ ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಮೂಲೆಯ ಕುರ್ಚಿಯಿಂದ ಉಳಿದರ್ಧ ಬಂತು. ಕಿವಿಯ ಇಯರ್‌ಫೋನು ದೊಡ್ಡಪ್ಪನ ಮಡಿಲಲ್ಲಿತ್ತು.

ಐವತ್ತೂ ಮುಗಿಯಿತು. “ಎಂತ ದೊಡ್ಡಪ್ಪ, ನಂಬಿಕೆ ವಾಪಸ್ ಬಂತಾ?” ಎಂದೆ.

“ನಂಬಿಕೆಯೂ ಇಲ್ಲ, ಎಂತದ್ದೂ ಇಲ್ಲ! ಅವಳದ್ದು ಅರ್ಧದಲ್ಲಿ ನಿಂತ್ರೆ ನನಗೆ ಕೇಳ್ಲಿಕ್ಕೆ ಆಗುದಿಲ್ಲ, ಅಷ್ಟೇ.”

“ಹತ್ತಕ್ಕೆ ಎಂಟು,” ಎಂದಳು ದೊಡ್ಡಮ್ಮ. “ಎರಡು ಕಡೆ ನುಂಗಿದ್ರಿ.” ಮತ್ತೆ ಜಪಸರ ಎತ್ತಿಕೊಂಡಳು. “ಇನ್ನೊಂದು ನಮೋ ಮರಿಯಾ ಉಂಟು. ನಿಮ್ಮ ಫೋನಿನಲ್ಲಿ ಮಾತಾಡುವವನಿಗೆ. ಪಾಪ, ಅವನ ಮನೆಯಲ್ಲಿ ಉತ್ತರ ಕೊಡುವವರು ಉಂಟೋ ಇಲ್ವೋ.”

ವಾದಕ್ಕೆಂದು ದೊಡ್ಡಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಅವಳು ಶುರುಮಾಡಿಯಾಗಿತ್ತು. ತೆರೆದ ಬಾಯಲ್ಲೇ ಉತ್ತರ ಕೊಟ್ಟರು, ಈ ಸಲ ಒಂದಕ್ಷರವನ್ನೂ ನುಂಗದೆ.