ಹನ್ನೆರಡನೇ ಕುರ್ಚಿ

ನಗರ ಕಚೇರಿಯ ಹಳೇ ಕಡತಗಳ ಕೋಣೆಯಲ್ಲಿ ಪ್ರತಿ ಬುಧವಾರ ಮೂರರಿಂದ ನಾಲ್ಕೂವರೆಯವರೆಗೆ ಸಾರ್ವಜನಿಕರ ದುಃಖವನ್ನು ಬಣ್ಣಗಳ ಮೂಲಕ ಕಡಿಮೆ ಮಾಡಲಾಗುವುದು ಎಂದು ಸುತ್ತೋಲೆ ಹೊರಟಿತು. ಹೆಸರು ‘ಪರಸ್ಪರ ಕಾಳಜಿ ಚಿತ್ರಶಾಲೆ’. ಕೋಣೆಗೆ ಹನ್ನೆರಡು ಕುರ್ಚಿ ಮಂಜೂರಾಗಿದ್ದುದರಿಂದ ಹನ್ನೆರಡು ಮಂದಿ ದುಃಖಿತರನ್ನು ಸೇರಿಸಿಕೊಳ್ಳಲಾಯಿತು.

ಕುರ್ಚಿಗಳು ಹನ್ನೊಂದೇ ಇದ್ದವು. ಹನ್ನೆರಡನೆಯದು ಅಧಿಕಾರಿಯ ಮನೆಯ ಬಾಲ್ಕನಿಯಲ್ಲಿರುವುದು ಎಲ್ಲರಿಗೂ ಗೊತ್ತಿತ್ತು; ಆದ್ದರಿಂದ ಯಾರೂ ಕೇಳಲಿಲ್ಲ. ನಿವೃತ್ತ ಬಸ್ ಚಾಲಕ, “ಮೂವತ್ತು ವರ್ಷ ಕೂತೇ ದುಡಿದೋನು, ನಾನು ನಿಂತ್ಕೋತೀನಿ ಬಿಡಿ” ಎಂದು ಗೋಡೆಗೆ ಒರಗಿದ.

ನಾಲ್ಕನೇ ನಿಯಮದ ಪ್ರಕಾರ ಚಿತ್ರ ಬರೆಯುವಾಗ ಮಾತಾಡತಕ್ಕದ್ದಲ್ಲ. ಕಾಳಜಿಯನ್ನೂ ಮೌನವಾಗಿಯೇ ವಹಿಸತಕ್ಕದ್ದು. ನಾಲ್ಕೂವರೆಗೆ ದಾಸ್ತಾನು ಗುಮಾಸ್ತ ಒಳಗೆ ಇಣುಕಿ ನೋಡಿ, ‘ಪರಸ್ಪರ ಕಾಳಜಿ’ ಎಂಬ ಅಂಕಣದಲ್ಲಿ ‘ಇಲ್ಲ’ ಎಂದು ಬರೆದು ಹೋಗುತ್ತಿದ್ದ. ಹೀಗೆ ನಾಲ್ಕು ತಿಂಗಳು ಕಾರ್ಯಕ್ರಮ ಯಶಸ್ವಿಯಾಗಿ ನಡೆಯಿತು.

ಬಂದವರಲ್ಲಿ ದರ್ಜಿ ಅಕ್ಕ ಒಬ್ಬಳು. ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಮನೆಯ ಕಿಟಕಿಯ ಪಕ್ಕದ ಅವನ ಕುರ್ಚಿಯಲ್ಲಿ ಅಂದಿನಿಂದ ಯಾರೂ ಕೂತಿರಲಿಲ್ಲ. ನೋಡಲು ಬಂದವರು ಸಹ ನೆಲದ ಮೇಲೆ ಕೂತು ಮಾತಾಡಿ ಹೋಗುತ್ತಿದ್ದರು. ಅವಳಿಗೆ ಕುಂಚ ಹಿಡಿದು ಗೊತ್ತಿರಲಿಲ್ಲ. ಒಂದು ಬಿಳಿ ಬಟ್ಟೆ ತಂದು, ಕೊರಳಿನ ಟೇಪು ಇಳಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಆ ಕುರ್ಚಿಯನ್ನು ಅಳತೆಗೆ ಸರಿಯಾಗಿ ಬರೆದಳು. ಎತ್ತರ ಮೂವತ್ನಾಲ್ಕು ಇಂಚು, ಅಗಲ ಹದಿನೆಂಟು. ಹಿಂದಿನ ಎಡಗಾಲು ಅರ್ಧ ಇಂಚು ಗಿಡ್ಡ; ಅದರ ಕೆಳಗೆ ಗಂಡ ಮಡಚಿ ಇಡುತ್ತಿದ್ದ ರಟ್ಟನ್ನೂ ಬಿಡಲಿಲ್ಲ. ಆಮೇಲೆ ಬಣ್ಣ ತುಂಬಿ, ಒಣಗಲೆಂದು ಉತ್ತರದ ಗೋಡೆಯ ಮೊಳೆಗೆ ತೂಗುಹಾಕಿದಳು.

ಅದೇ ವಾರ ವಾರ್ಷಿಕ ದಾಸ್ತಾನು ಪರಿಶೀಲನೆ ಬಂತು. ಗುಮಾಸ್ತ ಮೂರು ಸಲ ಎಣಿಸಿದ. ಮೂರು ಸಲವೂ ಹನ್ನೊಂದು. ನಾಲ್ಕನೇ ಸಲ ಕಣ್ಣು ಗೋಡೆಯ ಮೇಲೆ ಬಿತ್ತು. ಟೇಪು ಹಿಡಿದು ನೋಡಿದ. ಅಳತೆ ಸರಿ ಇತ್ತು. ಪುಸ್ತಕದಲ್ಲಿ ಹೀಗೆ ಬರೆದ: ‘ಕುರ್ಚಿ, ಮರದ್ದು, ಸಂಖ್ಯೆ ೧೨. ಸ್ಥಿತಿ: ಉತ್ತಮ. ಇರುವ ಸ್ಥಳ: ಉತ್ತರದ ಗೋಡೆ, ಮೊಳೆ.’

ಮುಂದಿನ ಬುಧವಾರ ದರ್ಜಿ ಅಕ್ಕ ಗುಮಾಸ್ತನನ್ನು ಕೇಳಿದಳು, “ಅಣ್ಣಾ, ನನ್ನ ಚಿತ್ರ ಮನೆಗೆ ತಗೊಂಡು ಹೋಗ್ಲಾ?”

“ಚಿತ್ರ ಆಗಿದ್ರೆ ನಾನೇ ಸುತ್ತಿ ಕೊಡ್ತಿದ್ದೆ ಅಕ್ಕಾ. ಇದು ಪೀಠೋಪಕರಣ.”

“ಬಟ್ಟೆ ಮೇಲೆ ಬರೆದಿದ್ದಲ್ವಾ?”

“ತಪ್ಪು ನಿಮ್ಮದೇ. ಇಷ್ಟು ಸರಿಯಾಗಿ ಅಳತೆ ಇಟ್ಟು ಬರೀರಿ ಅಂತ ಯಾರು ಹೇಳಿದ್ರು?”

“ಒಂದ್ಸಲ ಕೂತು ತೋರಿಸಿ ಸ್ವಾಮೀ,” ಎಂದ ಚಾಲಕ.

“ಕೂರೋಕಲ್ಲ ರೀ ಅದು. ಲೆಕ್ಕಕ್ಕೆ.”

ಅಧಿಕಾರಿ ಕರುಣಾಳು. ಅದೇ ಅಳತೆಯ ಬೇರೆ ಕುರ್ಚಿ ಒಪ್ಪಿಸಿದರೆ ಇದನ್ನು ಬಿಡುಗಡೆ ಮಾಡಬಹುದೆಂದು ಬರೆದುಕೊಟ್ಟರು. ಅರ್ಧ ಇಂಚು ಗಿಡ್ಡ ಕಾಲಿನ ಕುರ್ಚಿ ಊರಿನಲ್ಲಿ ಒಂದೇ ಇತ್ತು.

“ಅಪ್ಪನ ಕುರ್ಚಿ ಕೊಟ್ಟು ಅಪ್ಪನ ಕುರ್ಚಿ ಚಿತ್ರ ತರ್ತೀಯಾ? ತಲೆ ನೆಟ್ಟಗಿದ್ಯೇನಮ್ಮಾ?” ಎಂದಳು ಮಗಳು.

“ಇಲ್ಲಿ ನೀನೂ ಕೂರಲ್ಲ, ನಾನೂ ಕೂರಲ್ಲ. ಕೂರದೇ ಇರೋಕೆ ಚಿತ್ರ ಸಾಕು ಕಣೇ. ಅಲ್ಲಾದ್ರೂ ಯಾರಾದ್ರೂ ಕೂರ್ಲಿ.”

ಮಗಳು ಕುರ್ಚಿಯ ಧೂಳು ಒರೆಸಿದಳು. ರಟ್ಟನ್ನು ತಾನೇ ಹುಡುಕಿ ಕೊಟ್ಟಳು.

ಚಾಲಕ ಕುರ್ಚಿಯನ್ನು ಹೆಗಲ ಮೇಲೆ ಹೊತ್ತು ತಂದ. ಅಳತೆಯಾಯಿತು, ಚಿತ್ರ ಬಿಡುಗಡೆಯಾಯಿತು. ಆದರೆ ಪುಸ್ತಕದಲ್ಲಿ ಬರೆದದ್ದನ್ನು ತಿದ್ದುವಂತಿರಲಿಲ್ಲ. ಇರುವ ಸ್ಥಳ ಉತ್ತರದ ಗೋಡೆ, ಮೊಳೆ. ಬಡಗಿ ಬಂದು ದೊಡ್ಡ ಮೊಳೆ ನಾಲ್ಕು ಹೊಡೆದು ಕುರ್ಚಿಯನ್ನು ಆಳೆತ್ತರದಲ್ಲಿ ತೂಗುಹಾಕಿದ. ರಟ್ಟನ್ನೂ ಗಿಡ್ಡ ಕಾಲಿಗೆ ದಾರದಿಂದ ಕಟ್ಟಿದ.

ದರ್ಜಿ ಅಕ್ಕ ಕತ್ತೆತ್ತಿ ನೋಡಿದಳು. “ಯಾರಾದ್ರೂ ಕೂರ್ಲಿ ಅಂತ ಕೊಟ್ಟೆ ಅಣ್ಣಾ.”

“ಕೂರಬಾರದು ಅಂತ ನಿಯಮ ಎಲ್ಲೂ ಇಲ್ಲ. ಏಣಿ ಇದೆ,” ಎಂದು ಗುಮಾಸ್ತ ಹೊರಗೆ ಹೋದ.

“ನಾಲ್ಕು ತಿಂಗಳಿಂದ ನಿಂತಿದೀನಿ. ಅದು ನನ್ನ ಪಾಲಿನದು,” ಎಂದು ಚಾಲಕ ಏಣಿ ಹತ್ತಿ ಕೂತ. ಮೊಳೆಗಳು ಬಾಗಿದವು. “ಹಿಡೀರಿ! ಅಯ್ಯೋ, ಹಿಡೀರೋ!” ನಾಲ್ಕನೇ ನಿಯಮ ಮುರಿಯಿತು. ಹನ್ನೊಂದು ಮಂದಿಯೂ ಎದ್ದು ಬಂದು ಕೈಗೆ ಸಿಕ್ಕಿದ್ದನ್ನು ಹಿಡಿದರು: ಕುರ್ಚಿಯ ಕಾಲು, ಚಾಲಕನ ಕಾಲು, ಒಬ್ಬರ ಸೊಂಟ ಇನ್ನೊಬ್ಬರು.

“ಬಸ್ ಓಡಿಸಿದ ಭಾರ ಎಲ್ಲ ಇಲ್ಲೇ ಇದೆಯಲ್ಲೋ ಮಾರಾಯಾ!” ಎಂದು ಯಾರೋ ನರಳಿದರು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಆ ಕೋಣೆಯಲ್ಲಿ ನಗು ಕೇಳಿಸಿತು. ಗುಮಾಸ್ತ ಇಣುಕಿ ನೋಡಿ, ‘ಪರಸ್ಪರ ಕಾಳಜಿ: ಇದೆ’ ಎಂದು ಬರೆದ.

ಅಂದಿನಿಂದ ಹೊಸ ಸುತ್ತೋಲೆ ಜಾರಿಯಲ್ಲಿದೆ. ಒಬ್ಬರು ಮೇಲೆ ಕೂರತಕ್ಕದ್ದು, ಉಳಿದವರು ಕೆಳಗೆ ಹಿಡಿಯತಕ್ಕದ್ದು. ತಲಾ ಏಳು ನಿಮಿಷ. ಬಣ್ಣಗಳನ್ನು ಕಪಾಟಿಗೆ ಸೇರಿಸಲಾಗಿದೆ. ಮೊಳೆಗಳನ್ನು ಗಟ್ಟಿ ಮಾಡಿಸುವ ಪ್ರಸ್ತಾವನೆಯನ್ನು ಹನ್ನೆರಡು ಮಂದಿಯೂ ಒಮ್ಮತದಿಂದ ವಿರೋಧಿಸಿದ್ದಾರೆ.

ದರ್ಜಿ ಅಕ್ಕನ ಸರದಿ ಕೊನೆಗೆ ಬಂತು. ಸೆರಗು ಸಿಕ್ಕಿಸಿಕೊಂಡು ಹತ್ತಿದಳು, ಕೂತಳು. ಕೆಳಗೆ ಇಪ್ಪತ್ತೆರಡು ಕೈಗಳಿದ್ದವು.

“ಹೇಗಿದೆ ಅಕ್ಕಾ?”

“ಅಲ್ಲಾಡತ್ತೆ.” ಗಿಡ್ಡ ಕಾಲಿನ ಕಡೆಗೆ ಒಮ್ಮೆ ವಾಲಿ ನೋಡಿ ಹೇಳಿದಳು, “ಅವರಿದ್ದಾಗ್ಲೂ ಅಲ್ಲಾಡ್ತಿತ್ತು.”

ಗುಮಾಸ್ತ ‘ಸ್ಥಿತಿ: ಉತ್ತಮ’ ಎಂದು ಬರೆದ. ಏಳು ನಿಮಿಷ ಮುಗಿಯಿತು. ಹನ್ನೊಂದು ನಿಮಿಷವೂ ಆಯಿತು. ಕೆಳಗಿನವರು ಹಿಡಿತ ಬದಲಿಸಿಕೊಂಡರು, ಯಾರೂ ಬಿಡಲಿಲ್ಲ.

“ಟೈಮಾಯ್ತಾ ಅಣ್ಣಾ?” ಎಂದು ಅವಳು ಮೇಲಿನಿಂದ ಕೇಳಿದಳು.

ಗುಮಾಸ್ತ ಗೋಡೆಯ ಗಡಿಯಾರ ನೋಡಿದ. “ಇಲ್ಲ ಅಕ್ಕಾ. ಇದು ಸ್ವಲ್ಪ ಮುಂದೆ ಓಡತ್ತೆ.”

ಹೌದು, ಓಡುತ್ತದೆ ಎಂದು ಎಲ್ಲರೂ ಒಪ್ಪಿದರು. ಹಾಗೆಯೇ ನಮೂದಿಸಲಾಯಿತು.