ಗೋಡೆಯ ಮೇಲಿನ ಮಾವನವರು

ಐವತ್ತರ ಹತ್ತಿರ ಬಂದ ಗಂಡಸಿಗೆ ಹೊಸ ಹುಚ್ಚು ಹಿಡಿದರೆ ಮನೆಯವರು ಡಾಕ್ಟರನ್ನು ಕಾಣುತ್ತಾರೆ. ಹಳೆಯ ಹುಚ್ಚು ಮರುಕಳಿಸಿದರೆ ಜೋಯಿಸರನ್ನು. ನನ್ನದು ಎರಡನೆಯ ಬಗೆ. ಹೈಸ್ಕೂಲಿನಲ್ಲಿ ಚಿತ್ರ ಬರೆಯುತ್ತಿದ್ದವನು ಮುಂಬಯಿಗೆ ಬಂದೆ, ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತನಾದೆ, ಮದುವೆಯಾದೆ, ರಕ್ತದೊತ್ತಡ ಸಂಪಾದಿಸಿದೆ. ಕುಂಚ ಹಿಡಿಯಲು ಆಗಿರಲಿಲ್ಲ. ಆಸೆ ಮಾತ್ರ ಹೋಗಿರಲಿಲ್ಲ. ಕುರ್ಲಾದಲ್ಲಿ ಲೋಕಲ್ ಹತ್ತಿದರೆ ಇಳಿಯುವವರೆಗೂ ಮುಂದಿನವನ ಕಿವಿಯನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೆ. ಬೇರೇನೂ ಕಾಣುತ್ತಿರಲಿಲ್ಲ.

ಕಳೆದ ದೀಪಾವಳಿಗೆ ಧೈರ್ಯ ಮಾಡಿ ಬಣ್ಣದ ಪೆಟ್ಟಿಗೆ ತಂದೆ. ತಂದ ಮೇಲೆ ಹೆದರಿಕೆ ಶುರುವಾಯಿತು. ಬಣ್ಣದಲ್ಲಿ ವಿಷವಿದ್ದರೆ? ಕಣ್ಣು ಮಂಜಾದರೆ? ಚಿತ್ರ ತೀರಾ ಚೆನ್ನಾಗಿ ಬಂದು, ನೌಕರಿ ಬಿಟ್ಟು ಅದನ್ನೇ ಮಾಡಬೇಕಾಗಿ ಬಂದರೆ? ಕೊನೆಯ ಹೆದರಿಕೆಯನ್ನು ಮೊದಲ ಚಿತ್ರವೇ ಹೋಗಲಾಡಿಸಿತು. ಪವಾಯಿ ಕೆರೆಯನ್ನು ಬರೆದಿದ್ದೆ. ಪಕ್ಕದ ಖೋಲಿಯ ಧಾರವಾಡದ ದೇಸಾಯರು ಬಹಳ ಹೊತ್ತು ನೋಡಿ, “ದ್ವಾಸಿ ಛಂದ ಬಂದದರೀ ರಾಯರ, ಅಂಚು ಸ್ವಲ್ಪ ಹೊತ್ತೇದ” ಎಂದರು.

ಚಾಳಿನಲ್ಲಿ ನಮ್ಮದು ಒಂದೇ ಖೋಲಿ, ಒಂದೇ ಮೇಜು. ಅದನ್ನು ನನಗೆ ಬಿಟ್ಟುಕೊಡಲು ಹೆಂಡತಿ ಸುಮತಿ ಒಂದು ಷರತ್ತು ಹಾಕಿದಳು. “ನಮ್ಮ ಅಪ್ಪಯ್ಯನದ್ದೊಂದು ಬರೆದು ಕೊಡಿ. ಆಮೇಲೆ ಕೆರೆಯಾದರೂ ಬರೀರಿ, ದೋಸೆಯಾದರೂ ಬರೀರಿ.”

ಮಾವನವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿ, ಒಂದನ್ನೂ ತೆಗೆಸದೆ ಎಂಬತ್ತು ದಾಟಿದವರು. ನಂಬಿಕೆ ತಪ್ಪೆನ್ನುವಂತೆಯೂ ಇಲ್ಲ. ನಾನಂತೂ ಅವರೆದುರು ತಲೆಯೆತ್ತಿ ನಿಂತವನೇ ಅಲ್ಲ. ಅವರ ಪಾದಗಳನ್ನಾದರೆ ಈಗಲೂ ಕಣ್ಣು ಮುಚ್ಚಿ ಬರೆದೇನು. ಹಾಗಾಗಿ ಸುಮತಿ ಅಲಸಂಡೆ ಮುರಿಯುತ್ತ ಹೇಳುವುದು, ನಾನು ಬರೆಯುವುದು ಎಂದಾಯಿತು.

“ಮೂಗು ಹೀಗಾ? ಇದು ನಿಮ್ಮ ಅಣ್ಣನ ಮೂಗು. ಹುಬ್ಬು ಅಷ್ಟು ಮೇಲೆ ಬೇಡ, ಅಪ್ಪಯ್ಯ ಯಾವುದಕ್ಕೂ ಆಶ್ಚರ್ಯಪಟ್ಟವರಲ್ಲ.”

“ನನ್ನನ್ನು ಅಳಿಯ ಅಂತ ಒಪ್ಪಿದಾಗಲೂ?”

“ಆಗ ಕಣ್ಣು ಮುಚ್ಚಿಕೊಂಡಿದ್ದರು.”

ಹಾಳೆಗಳು ಮುಗಿಯುತ್ತ ಬಂದವು. ಒಂದು ಭಾನುವಾರ ಅವಳು ಬೈಯಲಿಲ್ಲ. ಚಿತ್ರವನ್ನು ಸುಮ್ಮನೆ ನೋಡಿ, “ನನಗೇ ಈಗೀಗ ಅಪ್ಪಯ್ಯನ ಮುಖ ಸರಿಯಾಗಿ ನೆನಪಾಗುವುದಿಲ್ಲ ಮಾರಾಯ್ರೆ” ಎಂದು ಸೀಮೆಎಣ್ಣೆ ಕ್ಯೂಗೆ ಹೊರಟುಹೋದಳು. ಡಬ್ಬಿ ಮರೆತು, ತಿರುಗಿ ಬಂದು, ತೆಗೆದುಕೊಂಡು ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕ್ಷೌರದ ಕನ್ನಡಿಯನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಅದರಲ್ಲಿ ಕಂಡದ್ದನ್ನೇ ಬರೆದೆ. ಕೂದಲು ತೆಗೆದು, ಬಿಳಿ ಮೀಸೆ ಕೊಟ್ಟು, ಶಾಲು ಹೊದಿಸಿದೆ. ಸುಮತಿ ಬಾಗಿಲಲ್ಲೇ ನಿಂತಳು. ಡಬ್ಬಿ ಕೆಳಗಿಟ್ಟು, “ಅಪ್ಪಯ್ಯ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಚಿತ್ರಕ್ಕೆ ಚೌಕಟ್ಟು, ಕುಂಕುಮ, ಗಂಧದ ಮಾಲೆ. ಬದುಕಿರುವವನ ಮುಖಕ್ಕೆ ಮಾಲೆ ಬಿದ್ದರೆ ಏನಾಗುತ್ತದೆಂದು ಯಾರನ್ನು ಕೇಳಲಿ? ವಾರವೆಲ್ಲ ನಾಡಿ ಹಿಡಿದುಕೊಂಡೇ ಆಫೀಸಿಗೆ ಹೋದೆ.

ಅಷ್ಟರಲ್ಲಿ ಕುಂದಾಪುರದಿಂದ ಅವಳ ತಮ್ಮ ಬಂದ. ಚಿತ್ರ ನೋಡಿದ, ನನ್ನನ್ನು ನೋಡಿದ, ಮತ್ತೆ ಚಿತ್ರ ನೋಡಿದ. ಸುಮತಿ, “ಹೌದಲ್ವಾ?” ಎಂದು ಕೇಳಿದಳು. ಅವನು ‘ಅಲ್ಲ’ ಎಂದೊಂದು ಮಾತು ಹೇಳಿದ್ದರೆ ಅವಳು ಅಪ್ಪನನ್ನು ಎರಡನೆಯ ಸಲ ಕಳೆದುಕೊಳ್ಳುತ್ತಿದ್ದಳು.

“ಹೌದು ಅಕ್ಕ, ಅಪ್ಪಯ್ಯನೇ” ಎಂದ. ಆಮೇಲೆ ಹೊರಗಿನ ಜಗಲಿಯಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, “ಭಾವ, ಮೀಸೆ ನಿಮಗೆ ಒಪ್ಪುತ್ತದೆ” ಎಂದ.

ಈಗ ಮೇಜು ನನ್ನದೇ. ಸುಮತಿ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿ, ನನ್ನ ಮೇಲಿನ ದೂರುಗಳನ್ನೆಲ್ಲ ಚಿತ್ರದ ಮುಂದೆ ಹೇಳಿ, ಕೊನೆಗೆ ಕೈಮುಗಿದು, “ಅಪ್ಪಯ್ಯ, ಇವರಿಗೆ ಸ್ವಲ್ಪ ಬುದ್ಧಿ ಕೊಡು” ಎಂದು ಬೇಡುತ್ತಾಳೆ. ನಾನೂ ತಲೆಯೆತ್ತಿ ನೋಡುತ್ತೇನೆ. ಆ ಮುಖದವನ ಹತ್ತಿರ ಕೊಡುವಷ್ಟು ಇದ್ದಂತೆ ಕಾಣುವುದಿಲ್ಲ.